ಅಂಚೆ ಕಚೇರಿಯ ಹಿತ್ತಲಿನಿಂದ ಕಂಡ ಪರ್ವತಜನನ

ಜಪಾನಿನ ಉತ್ತರಭಾಗದ ಹೊಕ್ಕಾಯ್ಡೊ ದ್ವೀಪದಲ್ಲಿ, ಸುಮಾರು ಒಂದು ಲಕ್ಷ ವರ್ಷಗಳ ಹಿಂದೆ ಸಂಭವಿಸಿದ ಮಹಾಸ್ಫೋಟವೊಂದರಿಂದ ಭೂಗರ್ಭ ಬರಿದಾಗಿ, ಮೇಲಣ ನೆಲ ಒಳಕ್ಕೆ ಕುಸಿದು, ಆ ವಿಶಾಲವಾದ ಕುಳಿಯಲ್ಲಿ ನೀರು ನಿಂತು ಉಂಟಾದ ತೋಯಾ ಎಂಬ ಸರೋವರವಿದೆ. ಅದರ ದಕ್ಷಿಣದ ಅಂಚಿನಲ್ಲಿ ನಿಂತಿರುವುದು ಉಸು ಪರ್ವತ. ಎತ್ತರದಲ್ಲಿ ಅದು ಹೇಳಿಕೊಳ್ಳತಕ್ಕದ್ದೇನೂ ಅಲ್ಲ. ಏಳುನೂರು ಮೀಟರುಗಳಿಗೆ ತುಸು ಮಿಕ್ಕಿದೆ, ಅಷ್ಟೆ. ಆದರೆ 1663ರಲ್ಲಿ ದೀರ್ಘನಿದ್ರೆಯಿಂದ ಎಚ್ಚೆತ್ತಂದಿನಿಂದ ಇಂದಿನವರೆಗೆ ಆ ಗಿರಿ ಶತಮಾನಕ್ಕೆ ಎರಡು ಮೂರು ಬಾರಿಯಾದರೂ ಬೆಂಕಿಯನ್ನೂ ಬೂದಿಯನ್ನೂ ಉಗುಳದೆ ಇದ್ದುದು ಅಪರೂಪ. ಅದರ ಬುಡದಲ್ಲಿ ಸೊಬೆತ್ಸು ಎಂಬ ಹಳ್ಳಿ. ಆ ಹಳ್ಳಿಯ ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದವರು ಮಿಮಾತ್ಸು ಮಸಾವೊ. 1888ರಲ್ಲಿ ಹುಟ್ಟಿ 1977ರಲ್ಲಿ ತೀರಿಕೊಂಡ ಈ ಮಹನೀಯರು ಭೂವಿಜ್ಞಾನದ ಪದವೀಧರರಲ್ಲ, ಯಾವ ವೇಧಶಾಲೆಯ ನೌಕರರೂ ಅಲ್ಲ. ಆದರೂ ಒಂದು ಪರ್ವತ ಶೂನ್ಯದಿಂದ ಹುಟ್ಟಿ ಬೆಳೆದು ನಿಂತ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ಕಂಡು, ಅಳತೆಗೊಳಪಡಿಸಿ ಬರೆದಿಟ್ಟ ಕೀರ್ತಿ ಅವರದು. ಜ್ವಾಲಾಮುಖಿಗಳ ನಾಡಿನಲ್ಲಿ ನೆಲದ ನಡುಕವನ್ನು ಕಾದು ಗಮನಿಸುವ ಹವ್ಯಾಸಿಗಳು ಈಗ ಪ್ರಪಂಚದ ನಾನಾ ಕಡೆ ಇದ್ದಾರೆ. ಅವರೆಲ್ಲರ ಕೆಲಸದ ಸ್ವರೂಪವೂ ಬೆಲೆಯೂ ಏನೆಂದು ತಿಳಿಯಬೇಕಾದರೆ ಈ ಪೋಸ್ಟ್‌ಮಾಸ್ಟರರ ದಿನಚರಿಯಿಂದಲೇ ಆರಂಭಿಸುವುದು ಯುಕ್ತವೆಂದು ನನ್ನ ಎಣಿಕೆ.

ಉಸು ಪರ್ವತದ ಒಂದು ಗುಣವನ್ನು ಮೊದಲೇ ಹೇಳಿಬಿಡಬೇಕು. ಅದು ಮುನ್ಸೂಚನೆ ಕೊಡದೆ ಸಿಡಿದದ್ದಿಲ್ಲ. ಬಲ್ಲ ಮಟ್ಟಿಗೆ ಅದರ ಪ್ರತಿಯೊಂದು ಉದ್ಗಾರಕ್ಕೂ ಮುಂಚೆ ಜನರ ಅನುಭವಕ್ಕೆ ಬರುವಷ್ಟು ಬಲವುಳ್ಳ ಭೂಕಂಪಗಳ ಸರಣಿಯೊಂದು ನಡೆದಿದೆ. ಆ ಸರಣಿ ಎಷ್ಟು ಕಾಲ ನಡೆಯುವುದೆಂಬುದರಲ್ಲಿ ಮಾತ್ರ ನಿಯಮವಿಲ್ಲ: 1977ರಲ್ಲಿ ಒಂದೂವರೆ ದಿನವೂ ತುಂಬಲಿಲ್ಲ, 1910ರಲ್ಲಿ ಕೆಲವು ದಿನ, 1943ರಲ್ಲಿ ಆರಂಭವಾದ ಸರಣಿಯೋ ಆರು ತಿಂಗಳು ನಡೆಯಿತು. ಇಟಲಿಯಲ್ಲಾಗಲಿ ಹವಾಯಿಯಲ್ಲಾಗಲಿ ಇರುವ ಎಷ್ಟೋ ಅಗ್ನಿಪರ್ವತಗಳ ಸೂಚನೆಗಳು ಸೂಕ್ಷ್ಮ ಯಂತ್ರಗಳಿಗಲ್ಲದೆ ಮನುಷ್ಯನಿಗೆ ತಿಳಿಯುವುದು ದುರ್ಲಭ. ಉಸುವಿನ ಸೂಚನೆಗಳಾದರೋ ಒಲೆಯ ಮುಂದೆ ಕುಳಿತವರಿಗೂ ತಿಳಿಯುತ್ತವೆ. ಹವ್ಯಾಸಿಯೊಬ್ಬನ ಶ್ರದ್ಧೆಗೆ ಫಲ ದೊರೆಯುವುದಕ್ಕೆ ಇಂಥ ಪರ್ವತವೇ ಬೇಕಾಗಿತ್ತೆಂದರೆ ತಪ್ಪಾಗದು.

ಈ ಗುಣಕ್ಕೆ ಕಾರಣ ಆ ಪರ್ವತದ ಒಡಲಲ್ಲಿರುವ ಶಿಲಾರಸದ ಸ್ವಭಾವ. ಭೂಗರ್ಭದಲ್ಲಿ ಕರಗಿರುವ ಶಿಲೆಯಲ್ಲಿ ಸಿಲಿಕಾ ಎಂಬ ಪದಾರ್ಥದ ಅಂಶ ಕಡಿಮೆಯಿದ್ದರೆ ಅದು ಸಲೀಸಾಗಿ ಹರಿಯುತ್ತದೆ. ನಮ್ಮ ವಿಜಯಪುರ, ಬೆಳಗಾವಿಗಳ ಕಪ್ಪುಕಲ್ಲಿನ ಹಾಸುಗಳು ಆರೂವರೆ ಕೋಟಿ ವರ್ಷಗಳ ಹಿಂದೆ ಹಾಗೆ ಹರಿದು ಹರಡಿದ ಲಾವಾದ ಅವಶೇಷಗಳು. ಸಿಲಿಕಾಂಶ ಹೆಚ್ಚಿದಂತೆಲ್ಲ ಶಿಲಾರಸದ ಸ್ನಿಗ್ಧತೆ ಹೆಚ್ಚುತ್ತದೆ, ಹರಿಯುವ ಶಕ್ತಿ ಕುಗ್ಗುತ್ತದೆ. ಉಸುವಿನದು ಡೇಸೈಟ್ ಎಂಬ ಈ ಎರಡನೆಯ ಜಾತಿ. ಮಲ್ಪೆಯ ಎದುರಿಗೆ ಸಮುದ್ರದಲ್ಲಿರುವ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಗುಣದಲ್ಲಿ ಇದರ ಸಮೀಪಬಂಧುಗಳು. ಏರುಪಾಕಕ್ಕೆ ಬಂದ ಬೆಲ್ಲದಂತೆ ಬಿಗಿದುಕೊಂಡ ಈ ದ್ರವ್ಯಕ್ಕೆ ಬಿರುಕುಗಳಲ್ಲಿ ನುಸುಳಿ ಮೇಲೇರುವ ಸಾಮರ್ಥ್ಯವಿಲ್ಲ. ಅದು ಕೆಳಗಿನಿಂದ ಒತ್ತಿ, ಮೇಲಿರುವ ಗಟ್ಟಿಬಂಡೆಗಳನ್ನು ಒಡೆದು, ಪಕ್ಕಕ್ಕೆ ಸರಿಸಿ, ಕೆಲವೊಮ್ಮೆ ಮೇಲಿನ ನೆಲವನ್ನೇ ಹೊತ್ತುಕೊಂಡು ಏರಬೇಕು. ಒಡೆಯುವ ಪ್ರತಿಯೊಂದು ಬಂಡೆಯೂ ಒಂದೊಂದು ಭೂಕಂಪ. ಆದುದರಿಂದ ಉಸುವಿನ ಬುಡದಲ್ಲಿ ವಾಸಿಸುವವನಿಗೆ ನಡುಕಗಳ ಸಂಖ್ಯೆಯೇ ಶಿಲಾರಸದ ಪ್ರಯಾಣದ ಲೆಕ್ಕ.

ಆದರೆ ನಡುಕಗಳೆಲ್ಲ ಒಂದೇ ಜಾತಿಯವಲ್ಲ. ಭೂಕಂಪದ ಮೂಲದಿಂದ ಎರಡು ಬಗೆಯ ಅಲೆಗಳು ಹೊರಡುತ್ತವೆ: ಸಾಗುವ ದಿಕ್ಕಿನಲ್ಲಿಯೇ ಶಿಲೆಯನ್ನು ಹಿಂದುಮುಂದಾಗಿ ಒತ್ತುತ್ತ ವೇಗವಾಗಿ ಬರುವ ಪ್ರಥಮ ತರಂಗ, ಅಡ್ಡಡ್ಡಲಾಗಿ ಅಲುಗಿಸುತ್ತ ನಿಧಾನವಾಗಿ ಬರುವ ದ್ವಿತೀಯ ತರಂಗ. ಮೊದಲನೆಯದು ಬಂದ ಎಷ್ಟು ಹೊತ್ತಿನ ಮೇಲೆ ಎರಡನೆಯದು ಬಂದಿತೆಂಬುದನ್ನು ಗಮನಿಸಿದರೆ ಮೂಲ ಎಷ್ಟು ದೂರದಲ್ಲಿದೆಯೆಂದು ಹೇಳಬಹುದು. ಒಂದು ಸೆಕೆಂಡಿನ ಅಂತರಕ್ಕೆ ಸುಮಾರು ಎಂಟು ಕಿಲೋಮೀಟರು ಎಂಬುದು ಸ್ಥೂಲವಾದ ಲೆಕ್ಕ. ಈ ಸೂತ್ರಕ್ಕೆ ಖಚಿತರೂಪ ಕೊಟ್ಟು ಅದಕ್ಕೆ ತಮ್ಮ ಹೆಸರನ್ನು ಬಿಟ್ಟುಹೋದವರು ಟೋಕಿಯೊ ವಿಶ್ವವಿದ್ಯಾನಿಲಯದ ಓಮೊರಿ ಫುಸಾಕಿಚಿ. ದೂರದ ಭೂಕಂಪದಲ್ಲಿ ಮೊದಲೊಂದು ಸಣ್ಣ ಅದುರು, ತಡೆದು ಬರುವ ದೊಡ್ಡ ತೂಗಾಟ ಬೇರೆಬೇರೆಯಾಗಿ ತಿಳಿಯುತ್ತವೆ. ಕಾಲಡಿಯ ಭೂಕಂಪದಲ್ಲಿಯೋ ಎರಡೂ ಕೂಡಿಕೊಂಡು ನೆಲದಡಿಯಿಂದ ಬಡಿದಂತೆ ಒಂದೇ ಪೆಟ್ಟಾಗಿ ಬರುತ್ತವೆ, ಅದರ ಬೆನ್ನಿಗೆ ಗುಡುಗಿನಂಥ ಸದ್ದು ಕೇಳುವುದುಂಟು. ಅಭ್ಯಾಸವುಳ್ಳ ಮನುಷ್ಯ ಯಂತ್ರವಿಲ್ಲದೆಯೇ ಇಷ್ಟನ್ನು ಗುರುತಿಸಬಲ್ಲ. ಇನ್ನು ಅಗ್ನಿಪರ್ವತಗಳಿಗೇ ವಿಶಿಷ್ಟವಾದ ಕಂಪನಗಳನ್ನು, ಆಳದಲ್ಲಿ ಬಂಡೆ ಮುರಿದು ಬರುವ ಚುರುಕಾದವು, ಮೇಲ್ಪದರದಲ್ಲಿ ಹುಟ್ಟುವ ಮಂದಗತಿಯವು ಎಂದು ವಿಂಗಡಿಸಿದವರು ಮಿನಾಕಾಮಿ ತಾಕೆಶಿ. ಇವೆರಡಕ್ಕೂ ಸೇರದೆ, ನಿಲ್ಲದೆ ಮಿಡಿಯುತ್ತಲೇ ಇರುವ ಮೂರನೆಯದೊಂದು ಉಂಟು. ಅದನ್ನು ಯಂತ್ರದಿಂದ ಹಿಡಿದು ದಾಖಲಿಸಿದ ಮೊದಮೊದಲಿನ ಪ್ರಯತ್ನಗಳಲ್ಲಿ ಒಂದು ನಡೆದದ್ದು ಇದೇ ಉಸುವಿನ ಬುಡದಲ್ಲಿ, 1910ರಲ್ಲಿ, ಓಮೊರಿಯವರ ಕೈಯಿಂದ.

ಆ ವರ್ಷದ ಜುಲೈ ತಿಂಗಳಲ್ಲಿ ಉಸು ಅದುರತೊಡಗಿದಾಗ, ಓಮೊರಿಯವರ ವಿಚಾರಗಳನ್ನು ತಿಳಿದಿದ್ದ ಮುರೊರಾನ್ ಪಟ್ಟಣದ ಪೊಲೀಸ್ ಅಧಿಕಾರಿಯೊಬ್ಬರು, ಪರ್ವತ ಇನ್ನೂ ಸಿಡಿಯುವ ಮೊದಲೇ ಸುತ್ತಲಿನ ಸುಮಾರು ಹದಿನೈದು ಸಾವಿರ ಜನರನ್ನು ಹೊರಡಿಸಿಬಿಟ್ಟರು. ಸ್ಫೋಟವಾದ ಮೇಲೆ ಓಡುವುದು ಎಲ್ಲ ದೇಶಗಳ ಚರಿತ್ರೆಯಲ್ಲಿಯೂ ಇದೆ. ನಡುಕಗಳನ್ನು ನಂಬಿ ಮೊದಲೇ ಹೊರಟದ್ದು ಅಂದಿನ ಕಾಲಕ್ಕೆ ಅಸಾಧಾರಣವಾದ ಕಾರ್ಯ. ಪರ್ವತದ ಉತ್ತರದ ಮಗ್ಗುಲಿನಲ್ಲಿ ಸಾಲುಸಾಲಾಗಿ ಕುಳಿಗಳು ತೆರೆದವು. ನೆಲ ಉಬ್ಬಿ ಹೊಸ ಗುಡ್ಡವೊಂದು ಎದ್ದಿತು. ಓಮೊರಿಯವರು ಯಂತ್ರಗಳೊಡನೆ ಬಂದರು. ಅವರಿಗೆ ಊರಿನ ದಾರಿ ತೋರಿಸಿ, ಬೇಕಾದುದನ್ನು ಒದಗಿಸಿಕೊಡಲು ನಿಂತವರಲ್ಲಿ ಅಂಚೆ ಕಚೇರಿಯ ಇಪ್ಪತ್ತೆರಡರ ತರುಣನೊಬ್ಬನಿದ್ದ. ಗುರುಕುಲವೆಂಬುದು ಇಂಥ ರೂಪದಲ್ಲಿಯೂ ಇರಬಹುದು. ಪ್ರಕೃತಿಯ ಒಂದು ವ್ಯಾಪಾರವನ್ನು ಭಯಪಡದೆ ನೋಡುವುದು ಹೇಗೆ, ನೋಡಿದುದನ್ನು ದಿನಾಂಕ, ವೇಳೆ, ದಿಕ್ಕು, ಪರಿಮಾಣಗಳೊಡನೆ ಬರೆಯುವುದು ಹೇಗೆ ಎಂಬ ಪಾಠವನ್ನು ಆ ತರುಣ ಪಂಡಿತರ ಬೆನ್ನ ಹಿಂದೆ ನಡೆದು ಕಲಿತ. ಅದನ್ನು ಉಪಯೋಗಿಸುವ ಅವಕಾಶಕ್ಕಾಗಿ ಮೂವತ್ತಮೂರು ವರ್ಷ ಕಾಯಬೇಕಾಯಿತು.

1943ನೆಯ ಇಸವಿಯ ಡಿಸೆಂಬರ್ 28ರಂದು ನೆಲ ಮತ್ತೆ ನಡುಗಿತು. ಜಪಾನು ಆಗ ಮಹಾಯುದ್ಧದ ನಡುವೆ ಇತ್ತು. ವಿದ್ವಾಂಸರು ಯುದ್ಧದ ಕೆಲಸಗಳಲ್ಲಿ ತೊಡಗಿದ್ದರು, ಪ್ರಯಾಣ ಕಷ್ಟ, ಕಾಗದವಿಲ್ಲ, ಛಾಯಾಚಿತ್ರದ ಫಿಲಂ ಇಲ್ಲ. ಓಮೊರಿಯವರು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಹೊರಗಿನಿಂದ ಯಾರಾದರೂ ಬಂದು ಉಸುವಿನ ಮುಂದೆ ಪೀಠ ಹಾಕಿ ಕುಳಿತು ವೀಕ್ಷಿಸುವರೆಂಬ ಭರವಸೆಯಿರಲಿಲ್ಲ. ಈಗ ಐವತ್ತೈದರ ವಯಸ್ಸಿನ ಪೋಸ್ಟ್‌ಮಾಸ್ಟರರಾಗಿದ್ದ ಮಿಮಾತ್ಸು ಅವರು ದಿನದಿನದ ಭೂಕಂಪಗಳನ್ನು ಎಣಿಸಿ ಬರೆಯತೊಡಗಿದರು. ಕೆಲವು ದಿನ ಹತ್ತಾರು, ಕೆಲವು ದಿನ ನೂರಕ್ಕೂ ಮಿಕ್ಕಿ. ಮೊದಲಿಗೆ ಸರೋವರದ ತೀರದ ಕಡೆಗೆ ಹೆಚ್ಚಾಗಿದ್ದ ಪೆಟ್ಟುಗಳು ಕೆಲವು ವಾರಗಳಲ್ಲಿ ಪರ್ವತದ ಪೂರ್ವಪಾದಕ್ಕೆ ಸರಿದುದು ಅವರಿಗೆ ಗೋಚರವಾಯಿತು. ಅಲ್ಲಿ ಇದ್ದುದು ಹೊಲಗಳು, ಫುಕಾಬಾ ಎಂಬ ಸಣ್ಣ ಊರು, ಮತ್ತು ಇಬುರಿ ರೈಲುಮಾರ್ಗ. ಹೊಲಗಳಲ್ಲಿ ಬಿರುಕುಗಳು ಕಂಡವು, ನೆಲ ಏರತೊಡಗಿತು, ಬಾವಿಗಳ, ಬುಗ್ಗೆಗಳ ನೀರು ವ್ಯತ್ಯಾಸಗೊಂಡಿತು. ಸಮತಟ್ಟಾದ ಗದ್ದೆಯಂಥ ನೆಲ ವಾರದಿಂದ ವಾರಕ್ಕೆ ಉಬ್ಬಿ ಹತ್ತಾರು ಮೀಟರು ಮೇಲಕ್ಕೆ ಬಂದುದನ್ನು ಕಣ್ಣೆದುರಿಗೆ ಕಂಡ ರೈತರ ಮನಸ್ಸು ಹೇಗಿದ್ದಿರಬೇಕು! ಮುರೊರಾನಿನ ಉಕ್ಕಿನ ಕುಲುಮೆಗಳಿಗೆ ಅದಿರು ಒಯ್ಯುತ್ತಿದ್ದ ರೈಲುಮಾರ್ಗ ಅದು. ಯುದ್ಧಕಾಲದಲ್ಲಿ ನಿಲ್ಲಿಸುವ ಮಾತೇ ಇಲ್ಲ. ಆದಕಾರಣ ನೆಲ ಎದ್ದಂತೆಲ್ಲ ಹಳಿಗಳನ್ನು ಕಿತ್ತು ಬೇರೆ ಹಾಕುವ ಕೆಲಸ ಹಗಲಿರುಳೂ ನಡೆಯಿತು.

1944ರ ಜೂನ್ 23ರಂದು ಹೊಲದ ನಡುವೆ ನೆಲ ಸೀಳಿ ಉಗಿಯೂ ಬೂದಿಯೂ ಮೇಲೆದ್ದವು. ಅಲ್ಲಿಂದ ಅಕ್ಟೋಬರ್ ಕೊನೆಯವರೆಗೆ ಸ್ಫೋಟಗಳು ಮರುಕಳಿಸುತ್ತಲೇ ಇದ್ದು, ಹೊಲ ಮನೆಗಳು ಬೂದಿಯಲ್ಲಿ ಹೂತವು. ಆ ಬೂದಿಯಿಂದ ಉಸಿರುಗಟ್ಟಿ ಒಂದು ಮಗು ತೀರಿಕೊಂಡಿತು. ನವೆಂಬರಿನಿಂದ ಮೂರನೆಯ ಅವಸ್ಥೆ. ಉಬ್ಬಿ ನಿಂತಿದ್ದ ನೆಲದ ಮಧ್ಯದಿಂದ, ಹರಿಯಲಾರದ ಆ ಶಿಲಾರಸವೇ ಅರೆಗಟ್ಟಿಯಾದ ಗುಮ್ಮಟವಾಗಿ ಮೇಲೇರಿತು. ತಾನು ಹೊತ್ತು ತಂದ ಹೊಲದ ಮಣ್ಣು ಅದರ ಮೈಮೇಲೆ ಕಾದು ಸುಟ್ಟು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಇಂದಿಗೂ ಆ ಪರ್ವತ ಕೆಂಪಾಗಿ ಕಾಣುವುದು ಅದರಿಂದಲೇ. 1945ರ ಸೆಪ್ಟೆಂಬರಿನಲ್ಲಿ ಬೆಳವಣಿಗೆ ನಿಂತಾಗ, ಇಪ್ಪತ್ತೊಂದು ತಿಂಗಳ ಹಿಂದೆ ಹೊಲವಾಗಿದ್ದೆಡೆಯಲ್ಲಿ ಸಮುದ್ರಮಟ್ಟದಿಂದ ನಾನೂರು ಮೀಟರು ಮೀರಿದ ಶಿಖರವಿತ್ತು. ಶೋವಾ-ಶಿನ್ಜಾನ್, ಎಂದರೆ ಶೋವಾ ಯುಗದ ಹೊಸ ಪರ್ವತ, ಎಂದು ಅದಕ್ಕೆ ಹೆಸರಾಯಿತು.

ಇಷ್ಟೆಲ್ಲ ನಡೆಯುತ್ತಿದ್ದರೂ ದೇಶಕ್ಕೆ ಸುದ್ದಿ ತಿಳಿಯಲಿಲ್ಲ. ಯುದ್ಧ ಸೋಲಿನ ಕಡೆಗೆ ಹೊರಳುತ್ತಿದ್ದ ಆ ದಿನಗಳಲ್ಲಿ, ನೆಲ ಬಿರಿದು ಬೆಂಕಿ ಬಂದಿತೆಂಬ ವಾರ್ತೆ ಅಪಶಕುನವೆಂದು ಜನ ಭಾವಿಸಿ ಎದೆಗುಂದುವರೆಂಬ ಭಯದಿಂದ ಅಧಿಕಾರಿಗಳು ಅದನ್ನು ಮುಚ್ಚಿಟ್ಟರು. ಈ ಸಂದರ್ಭವನ್ನು ಕುರಿತು ಯೋಚಿಸಿದಾಗಲೆಲ್ಲ ನನ್ನ ಮನಸ್ಸಿನಲ್ಲಿ ಮಿಮಾತ್ಸು ಅವರ ಬಗೆಗಿನ ಗೌರವ ಇಮ್ಮಡಿಯಾಗುತ್ತದೆ. ಪ್ರಕಟಿಸುವುದಕ್ಕೆ ಪತ್ರಿಕೆಯಿಲ್ಲ, ಕೇಳುವುದಕ್ಕೆ ಶ್ರೋತೃವಿಲ್ಲ, ಯಾವ ಸಂಸ್ಥೆಯೂ ಬೇಡಿದುದಲ್ಲ. ಆದರೂ ಇಂದು ಇಷ್ಟು ನಡುಕ, ಇಂದು ಇಷ್ಟು ಎತ್ತರ ಎಂದು ಒಬ್ಬ ಮನುಷ್ಯ ಬರೆಯುತ್ತ ಹೋದ. ವಿದ್ವಾಂಸರು ಬರಲೇ ಇಲ್ಲವೆಂದಲ್ಲ; ಮಿನಾಕಾಮಿ ಮೊದಲಾದ ಕೆಲವರು ಆ ದುರ್ದಿನಗಳಲ್ಲಿಯೂ ಈ ಪರ್ವತವನ್ನು ಅಭ್ಯಸಿಸಿ, ಮುಂದೆ ಬೆಲೆಯುಳ್ಳ ಪ್ರಬಂಧಗಳನ್ನು ಬರೆದರು. ಆದರೆ ಬಂದವರು ಹೋಗಬೇಕಾಗಿತ್ತು. ಅವರ ಎರಡು ಭೇಟಿಗಳ ನಡುವೆ ಬೆಳೆದ ಪರ್ವತವನ್ನು ನೋಡುವುದಕ್ಕೆ ಊರಿನವನೊಬ್ಬನೇ ಉಳಿದಿದ್ದುದು.

ಆ ನೋಟಕ್ಕೆ ಅವರು ಕಂಡುಕೊಂಡ ಉಪಾಯ ಎಷ್ಟು ಸರಳವೋ ಅಷ್ಟೇ ಶಾಸ್ತ್ರೀಯವಾದುದು. ಬೆಳೆಯುತ್ತಿರುವ ಪರ್ವತವನ್ನು ಅಳೆಯುವುದಕ್ಕೆ ಇರುವ ತೊಡಕು ಏನೆಂದರೆ, ಸುತ್ತಲಿನ ನೆಲವೂ ಏರುತ್ತಿಳಿಯುತ್ತ ಇರುವುದರಿಂದ ಇಂದಿನ ರೂಪವನ್ನು ನಿನ್ನೆಯದರೊಡನೆ ಹೋಲಿಸಲು ಸ್ಥಿರವಾದ ಗುರುತು ದೊರೆಯುವುದಿಲ್ಲ. ಚಿತ್ರ ಬರೆದರೆ ಕೈಯ ಸ್ವಾತಂತ್ರ್ಯ ಸೇರಿಕೊಳ್ಳುತ್ತದೆ. ನೋಡುವವನು ಒಂದು ಹೆಜ್ಜೆ ಸರಿದರೆ ರೂಪವೇ ಬೇರೆ. ಮಿಮಾತ್ಸು ಅವರು ಅಂಚೆ ಕಚೇರಿಯ ಹಿತ್ತಲಿನಲ್ಲಿ ಗದ್ದವನ್ನು ಊರುವುದಕ್ಕೆ ಒಂದು ನೆಲೆಯನ್ನು ಕಟ್ಟಿಕೊಂಡರು. ಅದರ ಮುಂದೆ ಗೂಟಗಳನ್ನು ನೆಟ್ಟು, ಒಂದರ ಮೇಲೊಂದರಂತೆ ಅಡ್ಡಲಾಗಿ ದಾರಗಳನ್ನು ಬಿಗಿದರು. ಗದ್ದವನ್ನು ಅದೇ ಜಾಗದಲ್ಲಿ ಊರಿ ನೋಡಿದರೆ ಪರ್ವತದ ಅಂಚು ಯಾವ ದಾರವನ್ನು ಎಲ್ಲಿ ಮುಟ್ಟುವುದೆಂದು ಕಾಣುತ್ತದೆ. ಅದನ್ನು ಕಾಗದದ ಮೇಲೆ ಎಳೆದ ಗೆರೆಗಳಿಗೆ ಸರಿಯಾಗಿ ಗುರುತಿಸಿಕೊಂಡರಾಯಿತು. ಕಣ್ಣು ಕದಲದು, ದಾರ ಕದಲದು, ಕದಲಿದ್ದೆಲ್ಲ ಪರ್ವತವೇ. ಕಣ್ಣಿನಿಂದ ದಾರಕ್ಕಿರುವ ದೂರ, ಕಣ್ಣಿನಿಂದ ಪರ್ವತಕ್ಕಿರುವ ದೂರ ಎರಡೂ ತಿಳಿದಿದ್ದರೆ ದಾರದ ಮೇಲಿನ ಒಂದು ಬೆರಳಿನ ಅಂತರ ಅಲ್ಲಿ ಎಷ್ಟು ಮೀಟರೆಂದು ಸರೂಪ ತ್ರಿಭುಜಗಳ ಗಣಿತದಿಂದ ಯಾವ ಪ್ರೌಢಶಾಲೆಯ ಬಾಲಕನೂ ಹೇಳಬಲ್ಲ. ಮೋಜಣಿಯ ದುರ್ಬೀನು ಮಾಡುವ ಕೆಲಸದ ತಿರುಳು ಇದೇ. ಅದರ ತಿರುಳನ್ನು ಅರಿತವನಿಗೆ ದಾರವೂ ಗೂಟವೂ ಸಾಕಾದವು.

ಹೀಗೆ ಬರೆದ ರೂಪರೇಖೆಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಒಂದರ ಮೇಲೊಂದಾಗಿ ಕೂಡಿಸಿದಾಗ ಉಂಟಾದ ಚಿತ್ರವನ್ನು ನೋಡಿದರೆ, ಎರಡು ವರ್ಷಗಳ ಕಾಲವೇ ಗೆರೆಗಳಾಗಿ ಮೂಡಿರುವುದು ಕಾಣುತ್ತದೆ. ತಳದಲ್ಲಿ ಹೊಲದ ಸಮತಲವಾದ ಗೆರೆ, ಅದರ ಮೇಲೆ ತುಸು ಉಬ್ಬಿದ್ದು, ಮತ್ತೂ ಉಬ್ಬಿದ್ದು, ಸ್ಫೋಟಗಳ ಕಾಲದಲ್ಲಿ ಅಂಚು ಒರಟಾದುದು, ಕೊನೆಗೆ ಅಗಲವಾದ ಹೆಗಲಿನ ನಡುವೆ ತಲೆಯೆತ್ತಿದ ಗುಮ್ಮಟ. ಗೆರೆಗಳು ಎಲ್ಲಿ ಒತ್ತಾಗಿವೆಯೋ ಆ ದಿನಗಳಲ್ಲಿ ಬೆಳವಣಿಗೆ ಮಂದ, ಎಲ್ಲಿ ಬಿಡಿಬಿಡಿಯಾಗಿವೆಯೋ ಅಲ್ಲಿ ತೀವ್ರ. ಇದರ ಪಕ್ಕದಲ್ಲಿ ದಿನದಿನದ ಭೂಕಂಪಗಳ ಎಣಿಕೆಯನ್ನು ಇಟ್ಟುಕೊಂಡು ಓದಿದರೆ, ಒಳಗಿನ ಒತ್ತಡಕ್ಕೂ ಹೊರಗಿನ ರೂಪಕ್ಕೂ ಇರುವ ಸಂಬಂಧವನ್ನು ಹಂತಹಂತವಾಗಿ ಹಿಂಬಾಲಿಸಬಹುದು. ಲಾವಾದ ಗುಮ್ಮಟ ಹುಟ್ಟಿ ಪೂರ್ಣಗೊಳ್ಳುವ ತನಕದ ಇಷ್ಟು ಅಖಂಡವಾದ ದಾಖಲೆ ಅದಕ್ಕೆ ಮುಂಚೆ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಭೂಗೋಳವಿಜ್ಞಾನಿ ತನಕದಾತೆ ಹಿದೆಜೋ ಅವರ ಮೂಲಕ 1948ರಲ್ಲಿ ನಾರ್ವೆಯ ಆಸ್ಲೋ ನಗರದಲ್ಲಿ ನೆರೆದ ಜ್ವಾಲಾಮುಖಿತಜ್ಞರ ಮುಂದೆ ಅದು ಬಂದಿತು. ಮಿಮಾತ್ಸು ಚಿತ್ರ ಎಂಬ ಹೆಸರಿನಿಂದಲೇ ಅಂದಿನಿಂದ ಪ್ರಸಿದ್ಧವಾಯಿತು. ಸೋತು ಪರಾಧೀನವಾಗಿದ್ದ ದೇಶದ ಒಂದು ಹಳ್ಳಿಯ ಪೋಸ್ಟ್‌ಮಾಸ್ಟರರ ಹೆಸರು ಹೀಗೆ ವಿದ್ವತ್ಸಭೆಯಲ್ಲಿ ಉಚ್ಚರಿಸಲ್ಪಟ್ಟುದು ಸಂತೋಷದ ಸಂಗತಿ.

ಹವ್ಯಾಸಿಯ ಕಾಣಿಕೆಯನ್ನು ಕುರಿತು ಮಾತನಾಡುವಾಗ ಜನ ಸಾಮಾನ್ಯವಾಗಿ ಅವನ ಉತ್ಸಾಹವನ್ನು ಹೊಗಳುತ್ತಾರೆ. ಉತ್ಸಾಹ ದೊಡ್ಡದಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಇಲ್ಲಿ ಹೆಚ್ಚು ದೊಡ್ಡದಾದುದು ನಿವಾಸ. ಭೂಮಿಯ ವ್ಯಾಪಾರಗಳು ಮನುಷ್ಯನ ಕಾರ್ಯಕ್ರಮಕ್ಕೆ ಸರಿಯಾಗಿ ನಡೆಯವು. ಏನೂ ಆಗದ ಎಷ್ಟೋ ದಿನಗಳ ನಡುವೆ ಎಂದೋ ಒಂದು ದಿನ ಏನೋ ಆಗುತ್ತದೆ. ಆ ದಿನ ಆದದ್ದರ ಅರ್ಥ ತಿಳಿಯಬೇಕಾದರೆ ಏನೂ ಆಗದ ದಿನಗಳನ್ನೂ ಅಷ್ಟೇ ನಿಷ್ಠೆಯಿಂದ ಬರೆದಿರಬೇಕು. ಇಂದು ನಡುಕವಿಲ್ಲ ಎಂಬ ಒಂದು ಸಾಲು ಬೇಸರದ ಸಾಲು. ಅಂಥ ಸಾಲುಗಳು ಇಲ್ಲದಿದ್ದರೆ, ಇಂದು ನೂರು ಸಲ ನಡುಗಿತು ಎಂಬ ಸಾಲಿಗೆ ಪ್ರಮಾಣವೇ ಇರುವುದಿಲ್ಲ. ಸಂಬಳ, ಪ್ರಯಾಣದ ವೆಚ್ಚ, ನಿಯಮಿತ ಅವಧಿಗಳಿಂದ ಬದ್ಧನಾದ ಪಂಡಿತ ಇದನ್ನು ಮಾಡುವುದು ಕಷ್ಟ. ಅಲ್ಲಿಯೇ ಮನೆಯಿದ್ದು, ಬೆಳಗಾದರೆ ಆ ಗಿರಿಯನ್ನೇ ನೋಡಿ ಏಳುವವನಿಗೆ ಇದು ಸಾಧ್ಯ. ಅದರ ಮೇಲೆ, ಅಂಚೆ ಕಚೇರಿಯ ಕೆಲಸವೆಂದರೆ ದಿನದ ಬಾಬ್ತನ್ನು ಆಯಾ ದಿನವೇ ಪುಸ್ತಕಕ್ಕೆ ಏರಿಸುವ ಕೆಲಸ. ಆ ಶಿಸ್ತು ಅವರ ವೀಕ್ಷಣೆಗೂ ಒದಗಿತೆಂದು ಊಹಿಸಿದರೆ ಅತಿಯಾಗದು.

ಆದರೆ ದೇಹವನ್ನೇ ಯಂತ್ರವಾಗಿ ಮಾಡಿಕೊಂಡ ವೀಕ್ಷಣೆಗೆ ಮಿತಿಗಳುಂಟು. ಮನುಷ್ಯ ನಿದ್ರಿಸುತ್ತಾನೆ, ನಡೆಯುತ್ತಾನೆ, ಗಾಳಿಗೆ ಬಾಗಿಲು ಬಡಿದುಕೊಂಡರೆ ಬೆಚ್ಚುತ್ತಾನೆ. ಭಯ ಕವಿದ ರಾತ್ರಿಯಲ್ಲಿ ಇಲ್ಲದ ನಡುಕವೂ ಇದ್ದಂತೆ ತೋರುತ್ತದೆ. ಕುಳಿತಿದ್ದಾಗ ತಿಳಿಯುವ ಕಂಪನ ಹೊಲದಲ್ಲಿ ದುಡಿಯುತ್ತಿರುವಾಗ ತಿಳಿಯದು. ಆದುದರಿಂದ ಒಂದೇ ಸ್ಥಳದಲ್ಲಿ, ಒಂದೇ ಕ್ರಮದಲ್ಲಿ ಎಣಿಸಿದ ಸಂಖ್ಯೆಗಳನ್ನು ಮಾತ್ರ ಒಂದರೊಡನೊಂದು ಹೋಲಿಸಬಹುದು. ಇವುಗಳಿಗಿಂತ ದೊಡ್ಡ ಅಪಾಯ ಭವಿಷ್ಯ ನುಡಿಯುವ ಆಸೆ. ನಾಲ್ಕು ದಿನ ನಡುಕ ಏರಿದುದನ್ನು ಕಂಡು ಐದನೆಯ ದಿನ ಪರ್ವತ ಸಿಡಿಯುವುದೆಂದು ಊರಿಗೆಲ್ಲ ಸಾರಿದರೆ, ಹಾಗಾಗದಿದ್ದಾಗ ಮುಂದಿನ ನಿಜವಾದ ಎಚ್ಚರಿಕೆಗೆ ಕಿವಿಗೊಡುವವರು ಇರುವುದಿಲ್ಲ. ಶಿಲಾರಸ ಅರ್ಧದಾರಿ ಬಂದು ಅಲ್ಲಿಯೇ ತಣಿದು ನಿಲ್ಲುವುದೂ ಉಂಟು. ಜ್ವಾಲಾಮುಖಿಗಳ ಕೆಳಗಿನ ಎಷ್ಟೋ ಭೂಕಂಪಸರಣಿಗಳು ಸ್ಫೋಟದಲ್ಲಿ ಮುಗಿಯದೆ ಸುಮ್ಮನೆ ಅಡಗಿಬಿಡುತ್ತವೆ. ಎಣಿಸಿ ಬರೆದು, ತಿಳಿದವರಿಗೆ ಕಳುಹಿಸಿಕೊಡುವುದರಲ್ಲಿಯೇ ಹವ್ಯಾಸಿಯ ಧರ್ಮವಿದೆಯೆಂದು ನಾನು ಬಲವಾಗಿ ನಂಬುತ್ತೇನೆ. ತೀರ್ಪು ಅನೇಕ ಸಾಕ್ಷಿಗಳನ್ನು ಕೂಡಿಸಿ ನೋಡಬಲ್ಲವರ ಕೈಯಲ್ಲಿರಬೇಕು.

ಈ ಸಹಕಾರ ಹೇಗೆ ನಡೆಯಬಹುದೆಂಬುದಕ್ಕೆ ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ತುಂಗುರಾವಾ ಪರ್ವತದ ತಪ್ಪಲು ಉತ್ತಮ ನಿದರ್ಶನ. ಐದು ಸಾವಿರ ಮೀಟರು ಮೀರಿದ ಆ ಅಗ್ನಿಪರ್ವತ 1999ರಲ್ಲಿ ಎಚ್ಚೆತ್ತಾಗ, ಬಾನ್ಯೋಸ್ ಪಟ್ಟಣದವರನ್ನೂ ಸುತ್ತಲಿನ ಹಳ್ಳಿಗರನ್ನೂ ಸೈನಿಕರು ಬಲವಂತವಾಗಿ ಹೊರಡಿಸಿದರು. ಪರ್ವತ ತಿಂಗಳುಗಟ್ಟಲೆ ಗೊಣಗುತ್ತಲೇ ಇತ್ತು. ಹೊಲ, ದನಕರುಗಳನ್ನು ಬಿಟ್ಟು ಬಂದಿದ್ದ ಜನ ತಾಳಲಾರದೆ 2000ದ ಆರಂಭದಲ್ಲಿ ಕಾವಲನ್ನು ದಾಟಿ ಊರಿಗೆ ಮರಳಿದರು. ಬಲಾತ್ಕಾರದಿಂದ ಪ್ರಯೋಜನವಿಲ್ಲವೆಂದು ಕಂಡ ಮೇಲೆ, ತಪ್ಪಲಿನಲ್ಲಿಯೇ ವಾಸಿಸುವ ರೈತರೇ ಮೊದಲಾದ ಸ್ವಯಂಸೇವಕರನ್ನು ಆರಿಸಿ, ರೇಡಿಯೊಗಳನ್ನು ಕೊಟ್ಟು ವೀಕ್ಷಕರನ್ನಾಗಿ ಮಾಡಲಾಯಿತು. ಸ್ಪ್ಯಾನಿಷ್ ನುಡಿಯಲ್ಲಿ ಅವರಿಗೆ ವಿಹೀಯಾಗಳೆಂದು ಹೆಸರು. ಪ್ರತಿ ರಾತ್ರಿ ನಿಯತವಾದ ವೇಳೆಯಲ್ಲಿ ಒಬ್ಬೊಬ್ಬರೂ ರೇಡಿಯೊದಲ್ಲಿ ತಮ್ಮ ಊರಿನ ವರದಿಯನ್ನು ವಿಜ್ಞಾನಿಗಳ ಠಾಣೆಗೆ ಒಪ್ಪಿಸುತ್ತಿದ್ದರು: ನೆಲ ನಡುಗಿತೇ, ಗುಡುಗು ಕೇಳಿತೇ, ಬೂದಿ ಬಿತ್ತೇ, ಹಳ್ಳದಲ್ಲಿ ಕೆಸರು ಬಂದಿತೇ. ವಿಜ್ಞಾನಿಗಳ ಭೂಕಂಪಮಾಪಕದ ಗೆರೆಗೆ ಈ ಕಣ್ಣುಕಿವಿಗಳ ಸಾಕ್ಷ್ಯ ಸೇರಿದಾಗ ಗೆರೆಗೂ ಅರ್ಥ ಬಂದಿತು. ಠಾಣೆಗಳ ಸುತ್ತ ಬೆಳೆದ ಗಿಡಗಂಟಿಗಳನ್ನು ಸವರುವಂಥ ಕೆಲಸವನ್ನೂ ಅವರೇ ಮಾಡಿದರು. 2006ರ ಆಗಸ್ಟ್ ತಿಂಗಳಲ್ಲಿ ಬೆಂಕಿಮೋಡಗಳು ಇಳಿಜಾರಿನಲ್ಲಿ ನುಗ್ಗಿ ಬಂದ ರಾತ್ರಿ, ನೆರೆಹೊರೆಯವರನ್ನು ಮನೆಗಳಿಂದ ಹೊರಡಿಸಿ ಅನೇಕ ಪ್ರಾಣಗಳನ್ನು ಉಳಿಸಿದವರಲ್ಲಿ ಈ ವೀಕ್ಷಕರು ಮುಖ್ಯರು. ಅಪರಿಚಿತ ಅಧಿಕಾರಿಯ ಆಜ್ಞೆಗೆ ಕದಲದ ರೈತ, ಪಕ್ಕದ ಹೊಲದವನು ಹೇಳಿದರೆ ಕದಲುತ್ತಾನೆ.

ಈಚಿನ ದಿನಗಳಲ್ಲಿ ಉಪಕರಣಗಳೂ ಮನೆಮಾತಾಗುತ್ತಿವೆ. ಅಯಸ್ಕಾಂತವೊಂದರ ಸುತ್ತ ಸ್ಪ್ರಿಂಗಿನಿಂದ ತೂಗಿಬಿಟ್ಟ ತಂತಿಯ ಸುರುಳಿ. ನೆಲ ಅಲುಗಿದಾಗ ಸುರುಳಿ ತನ್ನ ಜಡತೆಯಿಂದ ಹಿಂದುಳಿಯುವುದರಿಂದ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತನ್ನು ಅಂಕಿಗಳಾಗಿ ಪರಿವರ್ತಿಸುವ ಒಂದು ಚಿಕ್ಕ ಗಣಕ. ಇವೆರಡನ್ನೂ ಅಂಗೈಯಗಲದ ಪೆಟ್ಟಿಗೆಯಲ್ಲಿ ಹುದುಗಿಸಿದ ರಾಸ್ಪ್‌ಬೆರಿ ಶೇಕ್ ಮೊದಲಾದ ಭೂಕಂಪಮಾಪಕಗಳು ಈಗ ಶಾಲೆಗಳಲ್ಲಿ, ಮನೆಗಳ ನೆಲಮಾಳಿಗೆಗಳಲ್ಲಿ ಕುಳಿತಿವೆ. ಹೇಟಿ ದೇಶದಲ್ಲಿ 2021ರ ಆಗಸ್ಟಿನ ಮಹಾಭೂಕಂಪದ ಸಮಯದಲ್ಲಿ ಕೇಂದ್ರದ ಸಮೀಪದ ಮಾಹಿತಿಯನ್ನು ವಿಜ್ಞಾನಿಗಳಿಗೆ ಒದಗಿಸಿದ್ದು ಸಾಮಾನ್ಯರ ಮನೆಗಳಲ್ಲಿದ್ದ ಇಂಥ ಪೆಟ್ಟಿಗೆಗಳು. ಲಾರಿ ಹೋದರೂ, ಬಟ್ಟೆಯೊಗೆಯುವ ಯಂತ್ರ ತಿರುಗಿದರೂ ಅದರ ಗೆರೆ ಅದುರುವುದು ನಿಜ. ಅದಕ್ಕೇ ಅದನ್ನು ಇಟ್ಟುಕೊಂಡವನು ಮೊದಲು ತನ್ನ ಮನೆಯ ಸದ್ದುಗಳನ್ನೆಲ್ಲ ಕಲಿಯಬೇಕು, ಬಳಿಕ ಭೂಮಿಯದನ್ನು. ಇವುಗಳಿಂದ ದೊರೆತ ಲಾಭ ಕಡಿಮೆಯದಲ್ಲ. ಆದರೆ ಗದ್ದ ಊರುವ ನೆಲೆಯಿಂದ ಪರ್ವತವನ್ನು ದಿನವೂ ನೋಡುತ್ತಿದ್ದವನಿಗೆ ಬಾವಿಯ ನೀರು, ಬೂದಿಯ ವಾಸನೆ, ಹಳಿಯ ಡೊಂಕು ಎಲ್ಲವೂ ಒಟ್ಟಿಗೆ ಗೋಚರಿಸುತ್ತಿದ್ದವು. ಪೆಟ್ಟಿಗೆಗೆ ತಿಳಿಯುವುದು ನಡುಕವೊಂದೇ. ಎರಡನ್ನೂ ಉಳಿಸಿಕೊಳ್ಳುವ ಹವ್ಯಾಸಿಗಳನ್ನು ಕಂಡರೆ ನನಗೆ ಹೆಚ್ಚು ಆದರ.

ಯುದ್ಧ ಮುಗಿದ ಮೇಲೆ ಮಿಮಾತ್ಸು ಅವರು ಮಾಡಿದ ಇನ್ನೊಂದು ಕೆಲಸ ಬೆರಗುಗೊಳಿಸುವಂಥದು. 1946ರಲ್ಲಿ ಅವರು ತಮ್ಮ ಸ್ವಂತ ಹಣದಿಂದ ಆ ಪರ್ವತವನ್ನೇ ಕೊಂಡರು. ಹೊಲಗಳು ಪರ್ವತವಾಗಿ ಹೋಗಿ ಜೀವನೋಪಾಯ ಕಳೆದುಕೊಂಡಿದ್ದ ರೈತರಿಗೆ ಅದರಿಂದ ನೆರವಾಯಿತು. ಹೊಸ ಗಿರಿಯನ್ನು ಅಗೆದು ಕೆಡಿಸುವವರಿಂದ ಅದಕ್ಕೆ ರಕ್ಷಣೆ ದೊರೆಯಿತು. ಉತ್ತು ಬಿತ್ತಲಾಗದ, ಹೊಗೆಯಾಡುವ ಕಲ್ಲಿನ ರಾಶಿಗೆ ಬೆಲೆ ಕೊಡುವವನನ್ನು ಲೋಕ ಏನೆಂದುಕೊಂಡಿತೋ! 1951ರಲ್ಲಿ ಸರಕಾರ ಅದನ್ನು ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು. 1957ರಲ್ಲಿ ಅದು ವಿಶೇಷ ಸ್ಮಾರಕದ ಪದವಿಗೆ ಏರಿತು. ಇಂದಿಗೂ ಶೋವಾ-ಶಿನ್ಜಾನ್ ಖಾಸಗಿ ಒಡೆತನದಲ್ಲಿರುವ ಪರ್ವತ. ಒಳಗಿನ ಬಿಸಿ ಆರುತ್ತ ಕುಗ್ಗುತ್ತ ಬಂದು ಅದರ ಎತ್ತರ ಈಗ 398 ಮೀಟರಿಗೆ ಇಳಿದಿದೆ.

1977ರ ಆಗಸ್ಟ್ 7ರಂದು ಉಸು ಮತ್ತೆ ಸಿಡಿದಾಗ ಮಿಮಾತ್ಸು ಅವರಿಗೆ ಎಂಬತ್ತೊಂಬತ್ತರ ಸಮೀಪ. ಜೀವಮಾನದ ಮೂರನೆಯ ಉದ್ಗಾರವನ್ನು ಕಂಡು ಅದೇ ವರ್ಷ ಅವರು ಕಾಲವಾದರು. ಆ ಬಳಿಕ ಹೊಕ್ಕಾಯ್ಡೊ ವಿಶ್ವವಿದ್ಯಾನಿಲಯದ ಒಕಾದಾ ಹಿರೊಮು ಮೊದಲಾದ ವಿಜ್ಞಾನಿಗಳು ಉಸುವಿನ ಬುಡದಲ್ಲಿಯೇ ನೆಲಸಿ, ಊರಿನ ಜನರೊಡನೆ ಬೆರೆತು, ಮಕ್ಕಳನ್ನು ಶೋವಾ-ಶಿನ್ಜಾನಿನ ಮೇಲೆ ಹತ್ತಿಸಿ ಅದರ ಕಥೆ ಹೇಳಿದರು. ಅಪಾಯದ ವಲಯಗಳನ್ನು ತೋರಿಸುವ ನಕ್ಷೆಯೆಂದರೆ ಯಾತ್ರಿಕರು ಬರುವುದಿಲ್ಲವೆಂದು ಹಿಂಜರಿಯುತ್ತಿದ್ದ ಊರುಗಳು 1995ರಲ್ಲಿ ಅಂಥ ನಕ್ಷೆಯನ್ನು ಒಪ್ಪಿ ಮನೆಮನೆಗೆ ಹಂಚಿದವು. 2000ದ ಮಾರ್ಚ್ 27ರಂದು ನಡುಕಗಳು ಆರಂಭವಾದವು. ಎರಡೇ ದಿನದಲ್ಲಿ, ಕೆಲವು ದಿನಗಳೊಳಗೆ ಸ್ಫೋಟವಾಗುವ ಸಂಭವ ಹೆಚ್ಚೆಂದು ಜಪಾನಿನ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತು. ನಡುಕವೆಂದರೆ ಏನೆಂದು ಅಜ್ಜಂದಿರಿಂದಲೂ ಪಾಠಶಾಲೆಯಿಂದಲೂ ತಿಳಿದಿದ್ದ ಸುಮಾರು ಹದಿನಾರು ಸಾವಿರ ಜನ ಮನೆಗಳನ್ನು ಬಿಟ್ಟು ಹೊರಟರು. ಮಾರ್ಚ್ 31ರ ಮಧ್ಯಾಹ್ನ ಊರಿಗೆ ತೀರ ಹತ್ತಿರದಲ್ಲಿಯೇ ನೆಲ ಬಾಯಿಬಿಟ್ಟಿತು. ರಸ್ತೆಗಳು ಮೆಟ್ಟಿಲುಗಳಾಗಿ ಮುರಿದವು, ಮನೆಗಳು ಕೆಸರಿನಲ್ಲಿ ಹೂತವು. ಸತ್ತವರು ಒಬ್ಬರೂ ಇಲ್ಲ.

2008ರಿಂದ ಈಚೆಗೆ ಅಲ್ಲಿನ ನಿವಾಸಿಗಳಿಗೆ ಪರ್ವತದ ಸ್ವಭಾವ, ಚರಿತ್ರೆಗಳನ್ನು ಕಲಿಸಿ, ಪರೀಕ್ಷಿಸಿ, ಜ್ವಾಲಾಮುಖಿಯ ವಿಷಯದಲ್ಲಿ ಊರಿಗೆ ಮಾರ್ಗದರ್ಶಕರೆಂದು ಮಾನ್ಯತೆ ಕೊಡುವ ಪದ್ಧತಿಯೊಂದು ನಡೆದು ಬಂದಿದೆ. 1977ಕ್ಕೂ 2000ಕ್ಕೂ ನಡುವಣ ಅಂತರ ಇಪ್ಪತ್ತಮೂರು ವರ್ಷ. 2000ದಿಂದ ಈಚೆಗೆ ಅಷ್ಟು ವರ್ಷಗಳು ಆಗಲೇ ಕಳೆದಿವೆ. ಮುಂದಿನ ಸರಣಿಯ ಮೊದಲ ಪೆಟ್ಟು ಬಂದಾಗ ಅದನ್ನು ಎಣಿಸಬೇಕಾದವರು ಇವರೇ.